ಚಿಕ್ಕತಾಯಮ್ಮ ಎರಡು ಸಲ ಹೇಳಿದ ಸುಳ್ಳು

ಟೀವಿಯಲ್ಲಿ ತಮ್ಮದೇ ಹಾಡು ಬಂದರೆ ಚಿಕ್ಕತಾಯಮ್ಮ ಎದ್ದು ಬಚ್ಚಲುಮನೆಗೆ ಹೋಗಿ, ನಲ್ಲಿಯನ್ನು ಪೂರ್ತಿ ತಿರುಗಿಸಿ, ಬಕೆಟ್ಟಿಗೆ ನೀರು ಬೀಳುವ ಸದ್ದಿನ ಮುಂದೆ ಕೂತುಬಿಡುತ್ತಿದ್ದರು. ನೀರಿನ ವಿಷಯದಲ್ಲಿ ಅವರಷ್ಟು ಜಿಪುಣರನ್ನು ನಾನು ನೋಡಿಲ್ಲ. ಮೇಲಿನ ಟ್ಯಾಂಕು ತುಂಬಿ ಎರಡು ಹನಿ ಕೆಳಗೆ ಬಿದ್ದರೂ ಮೂರು ಮಹಡಿಯ ಬಾಡಿಗೆದಾರರಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದವರು, ತಮ್ಮ ದನಿ ತಮ್ಮ ಕಿವಿಗೆ ಬೀಳಬಾರದೆಂದು ಬಕೆಟ್ಟು ತುಂಬಿ ಹರಿದರೂ ಸುಮ್ಮನಿರುತ್ತಿದ್ದರು. ಹೇರೋಹಳ್ಳಿಯ ಹಳೆಯ ಊರಿಗೆ ಊರೇ ಆ ಹಾಡಿಗಾಗಿ ಅವರನ್ನು ಕೊಂಡಾಡುತ್ತಿದ್ದ ಕಾಲ ಅದು.

ನಾನು ನಾಗರಬಾವಿಯ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ ಮಾಡುತ್ತಿದ್ದೆ. ಅಲ್ಲಿಗೆ ಹತ್ತಿರವಾಗಲಿ ಎಂದು ನಾನೂ ನನ್ನ ಗಂಡನೂ ಅವರ ಮನೆಯ ಎರಡನೇ ಮಹಡಿಗೆ ಬಾಡಿಗೆಗೆ ಹೋದೆವು. ಅವರು ನಮ್ಮ ಮನೆಯ ಓನರ್. ಆ ಮಾತು ಅವರಿಗೆ ಹಿಡಿಸುತ್ತಿರಲಿಲ್ಲ. "ಓನರ್ ಅಂತೆ ಓನರ್. ಗಾರೆಗೆ ಯಾರೇ ಓನರ್ರು? ಹೊಲ ಇದ್ದಾಗ ಹೊಲದೋರು ಅಂತಿದ್ರು, ಅದು ಕೇಳೋಕೆ ಚಂದ ಇತ್ತು" ಎನ್ನುತ್ತಿದ್ದರು. ಬಾಡಿಗೆದಾರರ ಹೆಸರುಗಳನ್ನು ಅವರು ನೆನಪಿಟ್ಟುಕೊಂಡವರೇ ಅಲ್ಲ. ಕೆಳಗಿನ ಮನೆಯವರು ‘ಬಾಗ್ಲೋರು’, ಮೊದಲನೇ ಮಹಡಿಯ ಹುಡುಗರು ‘ಬೂಟಿನೋರು’, ನಾನು ‘ಮೇಲ್ಗಡೆಯೋಳು’.

ಎಪ್ಪತ್ತು ದಾಟಿದ, ತೆಳ್ಳನೆಯ, ಚುರುಕಾದ ಜೀವ. ಮಾತಾಡುವಾಗ ಬಲಗೈಯ ತೋರುಬೆರಳು ಸದಾ ಯಾವುದೋ ದಿಕ್ಕಿಗೆ ಚಾಚಿಯೇ ಇರುತ್ತಿತ್ತು. ಈಗ ಇರುವುದನ್ನು ದಾಟಿ ಮೊದಲು ಇದ್ದುದನ್ನು ತೋರಿಸುವ ಬೆರಳು ಅದು. "ಆ ಮೊಬೈಲ್ ಅಂಗ್ಡಿ ಐತಲ್ಲ, ಅಲ್ಲಿ ನಮ್ಮ ಕಣ ಇತ್ತು. ನಿನ್ನ ಅಡುಗೆಮನೆ ಇರೋದು ಹುಣಸೆಮರದ ನೆತ್ತಿ ಮೇಲೆ. ಅದಕ್ಕೇ ನಿನ್ನ ಸಾರು ಹುಳಿ" ಎಂದು ನಗುತ್ತಿದ್ದರು. ಪಕ್ಕದ ಖಾಲಿ ಸೈಟು ಯಾರದೋ. ಮಳೆ ಬಿದ್ದ ಕೂಡಲೇ ಅದರಲ್ಲಿ ಅವರೆ, ತೊಗರಿ ಚೆಲ್ಲಿಬಿಡುತ್ತಿದ್ದರು. ಒಮ್ಮೆ ಸೈಟಿನವರು ಕಾರಿನಲ್ಲಿ ಬಂದಿಳಿದು "ಏನಮ್ಮ ಇದು?" ಎಂದು ಕೇಳಿದಾಗ, "ಮಣ್ಣು ಸುಮ್ನೆ ಕೂತಿತ್ತು, ಪಾಪ ಅಂತ ಒಂದು ಕೆಲ್ಸ ಕೊಟ್ಟೆ" ಎಂದು ಸೊಗಡಿನ ಅವರೆಕಾಯಿ ಒಂದು ಮಡಿಲು ತುಂಬಿಸಿ ಕಳಿಸಿದ್ದರು.

ಅವರ ಹಾಡನ್ನು ನಾನು ಮೊದಲು ಕೇಳಿದ್ದು ಬೀದಿಯ ಒಂದು ಮದುವೆಮನೆಯಲ್ಲಿ. ಹೆಣ್ಣನ್ನು ಗಂಡನ ಮನೆಗೆ ಕಳಿಸುವ ಹೊತ್ತು. ಆರ್ಕೆಸ್ಟ್ರಾದವರು ಊಟಕ್ಕೆ ಹೋಗಿದ್ದರು. ಯಾರೋ "ಚಿಕ್ತಾಯಮ್ಮಾರೇ, ಒಂದು ಹೇಳ್ಬಿಡಿ" ಎಂದರು. ಅವರು ಎಲೆ ಅಡಿಕೆಯನ್ನು ದವಡೆಯ ಮೂಲೆಗೆ ತಳ್ಳಿಕೊಂಡು, ಕಣ್ಣು ಮುಚ್ಚಿ ಎತ್ತಿಕೊಂಡರು.

"ಹೊಸಿಲು ದಾಟೋ ಮಗಳೆ, ಹಿಂದಕ್ಕೆ ನೋಡಬ್ಯಾಡ
ನೀ ನಟ್ಟ ಪೈರು ಅಳತಾವೆ..."

ಇಂಪಾದ ದನಿಯೇನೂ ಅಲ್ಲ, ತುಸು ಒರಟು. ಆದರೆ ‘ನೀ ನಟ್ಟ ಪೈರು’ ಎನ್ನುವಲ್ಲಿ ಅದು ಒಂದು ಕ್ಷಣ ನಿಂತು, ಬಾಗಿ, ಮತ್ತೆ ಏಳುತ್ತಿತ್ತು. ಬಫೆ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದವರೆಲ್ಲ ತಿರುಗಿ ನೋಡಿದರು. ನನ್ನ ಕಣ್ಣು ತೇವವಾಯಿತು.

ಊರು ಕೇರಿಗಳ ಜನಜೀವನ ತೋರಿಸುವ ಕಾರ್ಯಕ್ರಮವೊಂದು ಸರ್ಕಾರಿ ಟೀವಿಯ ಕನ್ನಡ ಚಾನೆಲ್ಲಿನಲ್ಲಿ ಬರುತ್ತಿತ್ತು. ನಗರ ನುಂಗಿಕೊಂಡ ಹಳ್ಳಿಗಳಲ್ಲಿ ಉಳಿದಿರುವ ಹಾಡುಹಸೆಯ ಬಗ್ಗೆ ಚಿತ್ರ ಮಾಡುತ್ತೇವೆ ಎಂದು ಅವರು ಹೇರೋಹಳ್ಳಿಗೂ ಬಂದರು. ಚಿಕ್ಕತಾಯಮ್ಮನ ಹೆಸರು ಕೊಟ್ಟದ್ದು ಅವರ ಮಗ ಕೆಂಪರಾಜು. ಒಳ್ಳೆಯ ಮನುಷ್ಯ, ಆದರೆ ವಾರ್ಡಿನ ಚುನಾವಣೆಯ ಮೇಲೆ ಕಣ್ಣಿಟ್ಟಿದ್ದವನು. ತಾಯಿಗೆ ಹಸಿರು ರೇಷ್ಮೆ ಸೀರೆ ತಂದ. ಅಟ್ಟದ ಮೇಲಿದ್ದ ಮೊರ, ಒನಕೆ ಇಳಿಸಿ ತೊಳೆಸಿ ಹಜಾರದಲ್ಲಿ ಜೋಡಿಸಿದ. ನೆಂಟರು, ಇಷ್ಟರು, ಊರಿನ ಹಿರಿಯರು ಎಲ್ಲರೂ ಕ್ಯಾಮೆರಾದ ಹಿಂದೆ ಸಾಲುಗಟ್ಟಿ ನಿಂತಿದ್ದರು. ನಾನೂ ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದೆ.

ಹಾಡು ಮುಗಿಯಿತು. ನಿರೂಪಕಿ ಚಿಕ್ಕ ವಯಸ್ಸಿನ ಹುಡುಗಿ, ಅವಳ ಕಣ್ಣಲ್ಲೂ ನೀರು. "ಅಮ್ಮ, ಇಷ್ಟು ಚೆನ್ನಾಗಿರೋ ಹಾಡು ಯಾರಿಂದ ಕಲಿತ್ರಿ?" ಎಂದು ಕೇಳಿದಳು.

ಚಿಕ್ಕತಾಯಮ್ಮ ಒಮ್ಮೆ ಕ್ಯಾಮೆರಾದ ಆಚೆಗಿದ್ದ ನೆಂಟರ ಕಡೆ ನೋಡಿದರು. "ನಮ್ಮವ್ವನಿಂದ" ಎಂದರು.

ಅಷ್ಟರಲ್ಲಿ ಬೀದಿಯಲ್ಲಿ ಗಾಡಿಯ ಸ್ಪೀಕರಿನಿಂದ ಬೆಳ್ಳುಳ್ಳಿ ಮಾರುವವನ ಕೂಗು ಬಂತು. ಕ್ಯಾಮೆರಾದವರು ಕೈ ಎತ್ತಿದರು. "ಅಮ್ಮ, ಸೌಂಡ್ ಬಂದ್ಬಿಡ್ತು. ಅದೊಂದು ಮಾತು ಇನ್ನೊಂದ್ಸಲ ಹೇಳಿ."

ಗಾಡಿ ದೂರ ಹೋಗುವವರೆಗೂ ಎಲ್ಲರೂ ಕಾದೆವು. ಹುಡುಗಿ ಮತ್ತೆ ಕೇಳಿದಳು. ಚಿಕ್ಕತಾಯಮ್ಮ ಈ ಸಲ ಯಾರ ಕಡೆಯೂ ನೋಡದೆ, ಇನ್ನೂ ಸ್ಪಷ್ಟವಾಗಿ, "ನಮ್ಮವ್ವನಿಂದ ಕಲ್ತಿದ್ದು" ಎಂದರು. ತಾಯಿಯಿಂದ ಮಗಳಿಗೆ ಹರಿದು ಬಂದ ಹಾಡು ಎಂದು ಹುಡುಗಿ ಕ್ಯಾಮೆರಾದ ಕಡೆ ತಿರುಗಿ ಹೇಳಿದಳು. ಎಲ್ಲರೂ ತಲೆದೂಗಿದರು. ನಾನೂ ತೂಗಿದೆ.

ಕಾರ್ಯಕ್ರಮ ಬಂದ ದಿನ ಕೆಳಗಿನ ಹಜಾರದಲ್ಲಿ ಬಾಗ್ಲೋರು, ಬೂಟಿನೋರು ಎಲ್ಲರೂ ಸೇರಿದ್ದೆವು. ಪರದೆಯ ಮೇಲೆ ಅವರ ಮುಖ ಬಂದಾಗ ಶಿಳ್ಳೆ ಬಿತ್ತು. ಅವರೊಬ್ಬರು ಮಾತ್ರ ಸೆರಗಿನ ಚುಂಗನ್ನು ಬೆರಳಿಗೆ ಸುತ್ತುತ್ತ ಕೂತಿದ್ದರು. ಪ್ರಶ್ನೆ ಬರುವ ಹೊತ್ತಿಗೆ ಎದ್ದು ಒಳಗೆ ಹೋದರು. ನಲ್ಲಿಯ ಸದ್ದು ನಾನು ಮೊದಲು ಕೇಳಿದ್ದು ಆಗಲೇ. ನಾಚಿಕೆ ಸ್ವಭಾವ ಎಂದುಕೊಂಡೆವು.

ಆ ಚಾನೆಲ್ಲಿನಲ್ಲಿ ಒಂದು ಕಾರ್ಯಕ್ರಮ ಒಮ್ಮೆ ಬಂದರೆ ಮುಗಿಯುವುದಿಲ್ಲ. ಬೆಳಗ್ಗೆ ಮರುಪ್ರಸಾರ, ಹಬ್ಬಕ್ಕೊಂದು ಮರುಪ್ರಸಾರ. ಪ್ರತಿ ಸಲವೂ ಯಾರಾದರೂ ಫೋನು ಮಾಡಿ, "ಬರ್ತಾ ಐತೆ, ಹಾಕ್ಕಳಿ ಹಾಕ್ಕಳಿ" ಎನ್ನುತ್ತಿದ್ದರು. ಕೆಂಪರಾಜು ಅದನ್ನು ಮೊಬೈಲಿಗೆ ಇಳಿಸಿಕೊಂಡು ಬಂದವರಿಗೆಲ್ಲ ತೋರಿಸುತ್ತಿದ್ದ. ಚಿಕ್ಕತಾಯಮ್ಮ ಮದುವೆಗಳಲ್ಲಿ ಹಾಡುವುದನ್ನು ಬಿಟ್ಟರು. ಗಂಟಲು ಕಟ್ಟಿದೆ ಎಂದರು. ಬಾಡಿಗೆದಾರರನ್ನು ಗದರುವುದನ್ನೂ ಬಿಟ್ಟರು. ಟ್ಯಾಂಕು ಉಕ್ಕಿ ಗೋಡೆಯೆಲ್ಲ ನೆನೆದರೂ ಒಂದು ಕೂಗಿಲ್ಲ. ನನಗೆ ಆತಂಕವಾಗಿದ್ದು ಅದಕ್ಕೇ.

ಒಂದು ಭಾನುವಾರ ತಾರಸಿಯಲ್ಲಿ ನಾನು ಬಟ್ಟೆ ಹರವುತ್ತಿದ್ದಾಗ ಮೆಣಸಿನಕಾಯಿ ಒಣಹಾಕಲು ಬಂದರು. "ಗಂಟಲಿಗೆ ಡಾಕ್ಟರಿಗೆ ತೋರಿಸೋಣ್ವಾ ಅಮ್ಮ?" ಎಂದೆ.

"ಗಂಟ್ಲು ಚೆನ್ನಾಗೇ ಐತೆ ಕಣವ್ವ. ನಮ್ಮವ್ವಂಗೆ ಹಾಡೇ ಬರ್ತಿರಲಿಲ್ಲ."

ನನಗೆ ಅರ್ಥವಾಗಲಿಲ್ಲ. ಅವರು ಮೆಣಸಿನಕಾಯಿ ಹರವುತ್ತ, ನನ್ನ ಮುಖ ನೋಡದೆ ಹೇಳುತ್ತ ಹೋದರು. ಅವರು ಈ ಊರಿಗೆ ಸೊಸೆಯಾಗಿ ಬಂದಾಗ ತೀರ ಸಣ್ಣ ಹುಡುಗಿ. ಹೊಲದಲ್ಲಿ ಪೈರು ನಾಟಲು, ಕಳೆ ಕೀಳಲು ಊರಾಚೆಯ ಕೇರಿಯಿಂದ ಆಳುಗಳು ಬರುತ್ತಿದ್ದರು. ಅವರಲ್ಲಿ ಮುನಿಯಮ್ಮ ಒಬ್ಬಳು. ಆಳುಗಳಿಗೆ ಬುತ್ತಿ ಹೊತ್ತು ಹೋಗುವ ಕೆಲಸ ಈ ಹೊಸ ಸೊಸೆಯದು. ಬುತ್ತಿ ಇಳಿಸಿ ತಕ್ಷಣ ಮನೆಗೆ ಬರಬೇಕೆಂದು ಅತ್ತೆಯ ಕಟ್ಟಪ್ಪಣೆ. ಇವರು ಬರುತ್ತಿರಲಿಲ್ಲ. ಮುನಿಯಮ್ಮನ ಪಕ್ಕ, ಅದೇ ಸಾಲಿನಲ್ಲಿ ಕೂತು, ಕಳೆ ಕೀಳುತ್ತ ಅವಳ ಹಿಂದೆ ಹಾಡು ಹೇಳುತ್ತಿದ್ದರು. ಅತ್ತೆ ಬರುವುದು ಕಂಡರೆ ಎದ್ದು ದೂರ ನಿಲ್ಲುವುದು.

"ತವರು ಬಿಟ್ಟು ಬಂದು ಅಳ್ತಾ ಇದ್ದೋಳ್ಗೆ ಅವಳೊಬ್ಳೇ ಕಣವ್ವ ಒಂದು ಒಳ್ಳೆ ಮಾತಾಡಿದ್ದು. ಟೀವಿ ಹುಡ್ಗಿ ಕೇಳ್ದಾಗ ಅವಳ ಹೆಸ್ರೇ ಬಾಯಿಗೆ ಬಂತು. ಎದುರಿಗೆ ನಮ್ಮೋರೆಲ್ಲ ನಿಂತವ್ರೆ. ಯಾವ ಮುನಿಯಮ್ಮ ಅಂತ ಕೇಳ್ತಾರೆ. ಗೌಡ್ರ ಸೊಸೆ ಕೇರಿಯೋಳ ಪಕ್ಕ ಕೂತು ಕಲ್ತಳಂತೆ ಅಂತಾರೆ. ನಾಚ್ಕೆ ಆಯ್ತು. ನಮ್ಮವ್ವ ಅಂದ್ಬಿಟ್ಟೆ." ಇನ್ನೊಂದು ಹಿಡಿ ಮೆಣಸಿನಕಾಯಿ ಹರವಿ, "ಒಂದ್ಸಲ ಬಾಯಿ ತಪ್ತು ಅನ್ಬೋದು. ದೇವ್ರು ಬೆಳ್ಳುಳ್ಳಿ ಗಾಡಿ ಕಳ್ಸಿ, ಇನ್ನೊಂದ್ಸಲ ಹೇಳು ಅಂತ ಅವಕಾಶ ಕೊಟ್ಟ. ಎರಡನೇ ಸಲ ನಾನು ಬೇಕಂತ್ಲೇ ಹೇಳ್ದೆ" ಎಂದರು.

ಮುನಿಯಮ್ಮ ಬದುಕಿದ್ದಾರೆ, ಮಗ ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾನೆ, ಲಗ್ಗೆರೆಯಲ್ಲಿ ಮನೆ ಎಂದು ಅವರಿಗೆ ಗೊತ್ತಿತ್ತು. "ಕರ್ಕೊಂಡು ಹೋಗ್ತೀಯಾ? ಕೆಂಪ್ರಾಜಂಗೆ ಹೇಳ್ಬ್ಯಾಡ" ಎಂದರು. ಮುಂದಿನ ಭಾನುವಾರ ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ. ಗುಂಡಿ ಬಿದ್ದ ರಸ್ತೆಯುದ್ದಕ್ಕೂ ಅವರು ನನ್ನ ಭುಜ ಹಿಡಿದೇ ಇದ್ದರು.

ಲಗ್ಗೆರೆಯ ಓಣಿಯೊಂದರ ಕೊನೆಯಲ್ಲಿ ಎರಡು ಕೋಣೆಯ ಮನೆ. ಮುನಿಯಮ್ಮ ಬಾಗಿಲಲ್ಲೇ ಕೂತಿದ್ದರು. ಚಿಕ್ಕತಾಯಮ್ಮನಿಗಿಂತ ಹಿರಿಯರು, ಬೆನ್ನು ಬಾಗಿತ್ತು, ಕಣ್ಣು ಮಾತ್ರ ಹೊಳೆಯುತ್ತಿತ್ತು. ಗುರುತು ಹಿಡಿದು ಗೋಡೆ ಆಸರೆಯಲ್ಲಿ ಎದ್ದು ನಿಂತು, "ಬನ್ನಿ ಅವ್ವಾರೆ, ಬನ್ನಿ. ಕುರ್ಚಿ ಹಾಕೇ" ಎಂದು ಮೊಮ್ಮಗಳನ್ನು ಕೂಗಿದರು. ಮೊಮ್ಮಗಳು ಸುಧಾ, ಗಾರ್ಮೆಂಟ್ಸಿಗೆ ಹೋಗುವ ಹುಡುಗಿ, ಕುರ್ಚಿ ತಂದಿಟ್ಟು ನಮ್ಮನ್ನೇ ನೋಡುತ್ತ ನಿಂತಳು. ಸೊಸೆ ಒಳಗೆ ಕಾಫಿಗೆ ಇಟ್ಟಳು.

ಚಿಕ್ಕತಾಯಮ್ಮ ಕುರ್ಚಿಯ ಮೇಲೆ ಕೂರಲಿಲ್ಲ. ನಿಂತೇ ಇದ್ದು, "ಮುನಿಯಮ್ಮ, ಟೀವೀಲಿ ಬಂದಿದ್ದು ನೋಡ್ದಾ?" ಎಂದರು.

"ನೋಡ್ದೆ ಅವ್ವಾರೆ. ಚೆನ್ನಾಗಿ ಹೇಳಿದ್ರಿ."

ಸುಧಾ ನಡುವೆ ಬಾಯಿ ಹಾಕಿದಳು. "ಅಜ್ಜಿ ಅವತ್ತು ಒಂದೇ ಗಲಾಟೆ ಆಂಟಿ. ಇದು ನನ್ನ ಹಾಡು, ನಾನು ಕಟ್ಟಿದ ಹಾಡು ಅಂತ. ಬಿಡಜ್ಜಿ, ಅವರಮ್ಮ ಹೇಳ್ಕೊಟ್ಟಿದ್ದು ಅಂತ ಟೀವೀಲೇ ಹೇಳ್ತಿದಾರೆ, ಸುಮ್ನೆ ಯಾಕೆ ಸುಳ್ಳು ಹೇಳ್ತೀಯಾ ಅಂದೆ. ಅಪ್ಪನೂ ನಕ್ಬಿಟ್ರು. ಅವತ್ತಿಂದ ಹಾಡೋದೇ ಬಿಟ್ಬಿಟ್ಟವ್ರೆ."

ತಮ್ಮ ಸುಳ್ಳು ತಮ್ಮನ್ನಷ್ಟೇ ಸುಡುತ್ತಿದೆ ಎಂದು ಚಿಕ್ಕತಾಯಮ್ಮ ಎಣಿಸಿದ್ದರು. ಅದು ಲಗ್ಗೆರೆಯವರೆಗೂ ಬಂದು, ಈ ಮುದುಕಿಯನ್ನು ಅವಳ ಮನೆಯವರ ಮುಂದೆಯೇ ಸುಳ್ಳಿ ಮಾಡಿ ಹೋಗಿತ್ತು.

"ಸುಳ್ಳು ಹೇಳಿದ್ದು ನಾನು ಕಣಮ್ಮ" ಎಂದು ಅವರು ಸುಧಾಳಿಗೆ ಹೇಳಿದರು. "ಹಾಡು ನಿಮ್ಮಜ್ಜೀದೇ. ನಮ್ಮ ಹೊಲದಾಗೆ ಇವಳ ಪಕ್ಕ ಕೂತು ಕಲ್ತೆ. ಇವಳ ಹೆಸ್ರು ಹೇಳೋಕೆ ನಂಗೆ ನಾಚ್ಕೆ ಆಯ್ತು."

ಸುಧಾ ಅಜ್ಜಿಯ ಕಡೆ ನೋಡಿದಳು. ಮುನಿಯಮ್ಮ ನೆಲ ನೋಡುತ್ತಿದ್ದರು. "ಆ ಪೈರಿನ ಸಾಲು ಐತಲ್ಲ, ಅದು ನಮ್ಮ ದೊಡ್ಡೋಳ್ನ ಗಂಡನ ಮನೆಗೆ ಕಳ್ಸಿದ ದಿನ ಬದಿನ ಮೇಲೆ ನಿಂತು ಹೇಳ್ಕೊಂಡಿದ್ದು. ಅವತ್ತೂ ನಿಮ್ಮ ಹೊಲದಾಗೆ ಕೆಲ್ಸ ಇತ್ತು. ಕಳ್ಸಿ ಬಂದು ನಾಟಿಗೆ ಬಗ್ಗಿದೆ" ಎಂದರು.

"ಗೊತ್ತು. ಅವತ್ತು ನಾನೂ ಅಲ್ಲೇ ಇದ್ದೆ. ಅದಕ್ಕೇ ಇನ್ನೂ ನಾಚ್ಕೆ ಆಗ್ತೈತೆ."

ಅಲ್ಲಿಯವರೆಗೂ ‘ಬನ್ನಿ, ಹೋಗಿ’ ಎನ್ನುತ್ತಿದ್ದ ಮುನಿಯಮ್ಮ ತಟ್ಟನೆ ಏಕವಚನಕ್ಕೆ ಇಳಿದರು. "ಹೇಳುವಾಗ್ಲೂ ನಾಚ್ಕೆ, ಹೇಳಿದ್ಮೇಲೂ ನಾಚ್ಕೆ. ನಿಂಗೆ ನಾಚ್ಕೊಳ್ಳೋದೇ ಒಂದು ಕಸುಬಾಯ್ತಲ್ಲೇ. ಅದ್ರಿಂದ ನಂಗೇನು ಬಂತು? ಇಲ್ಲಿ ನಾಕ್ ಜನದ ಮುಂದೆ ಹೇಳ್ದೆ, ಸರಿ. ನಿಮ್ಮೂರ್ನೋರ ಮುಂದೆ ಹೇಳ್ತೀಯಾ?"

ಚಿಕ್ಕತಾಯಮ್ಮ ಹೂಂ ಎಂದರು. ಕಾಫಿ ಬಂತು. ಲೋಟ ತೆಗೆದುಕೊಳ್ಳಲು ಚಾಚಿದ ಅವರ ಕೈ ಅರ್ಧದಲ್ಲಿ ನಿಂತಿತು. ಒಂದು ಉಸಿರಿನಷ್ಟು ಹೊತ್ತು. ಎಲ್ಲರೂ ಅದನ್ನು ಕಂಡೆವು. ಲೋಟ ತೆಗೆದುಕೊಂಡು ಪೂರ್ತಿ ಕುಡಿದರು. ಆದರೆ ವಾಪಸ್ಸು ಬರುವ ದಾರಿಯಲ್ಲಿ ನನ್ನ ಕಿವಿಯ ಹತ್ತಿರ, "ಕೈ ನಿಂತ್ಬಿಡ್ತು ಕಣವ್ವ. ಮನಸ್ಸು ಬೇಕು ಅಂತು, ಕೈ ನಿಂತ್ಬಿಡ್ತು" ಎಂದು ಮತ್ತೆ ಮತ್ತೆ ಹೇಳುತ್ತಲೇ ಇದ್ದರು.

ರಾಜ್ಯೋತ್ಸವಕ್ಕೆ ಬಡಾವಣೆಯ ಸಂಘದವರು ಅವರಿಗೆ ಸನ್ಮಾನ ಇಟ್ಟುಕೊಂಡಿದ್ದರು. ದೇವಸ್ಥಾನದ ಮುಂದೆ ವೇದಿಕೆ, ಕೆಂಪು ಹಳದಿ ಬಾವುಟ, ನೂರಾರು ಜನ. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಪೇಟ ಇಟ್ಟರು. ಎರಡು ಮಾತಾಡಿ ಎಂದು ನಿರೂಪಕರು ಮೈಕು ಹಿಡಿದರು. ಕೆಂಪರಾಜು ಮುಂದಿನ ಸಾಲಿನಲ್ಲಿ ಕೂತಿದ್ದ. ನಾನು ಅವನ ಹಿಂದೆ.

"ಈ ಹಾಡು ನಮ್ಮವ್ವಂದಲ್ಲ" ಎಂದರು ಚಿಕ್ಕತಾಯಮ್ಮ. "ನಮ್ಮ ಹೊಲಕ್ಕೆ ಕೂಲಿಗೆ ಬರ್ತಿದ್ದ ಕೇರಿ ಮುನಿಯಮ್ಮಂದು. ಅವಳೇ ಕಟ್ಟಿದ್ದು. ನಾನು ಟೀವೀಲಿ ಸುಳ್ಳು ಹೇಳ್ದೆ. ಈ ಶಾಲು ಅವಳ್ಗೆ ಸಲ್ಬೇಕು."

ಕೆಂಪರಾಜುವಿನ ಕುತ್ತಿಗೆ ಕೆಂಪಗಾದದ್ದು ಹಿಂದಿನಿಂದಲೇ ಕಂಡಿತು. ಅಷ್ಟರಲ್ಲಿ ನಿರೂಪಕರು ಮೈಕು ತೆಗೆದುಕೊಂಡು, "ನೋಡಿ ಬಂಧುಗಳೇ, ಎಂಥ ದೊಡ್ಡ ಮನಸ್ಸು! ತಮಗೆ ಬಂದ ಕೀರ್ತಿಯನ್ನು ಒಬ್ಬ ಕೂಲಿ ಹೆಂಗಸಿಗೆ ಅರ್ಪಿಸಿದ ಮಹಾತಾಯಿ! ಜೋರಾಗಿ ಚಪ್ಪಾಳೆ!" ಎಂದರು. ಚಪ್ಪಾಳೆ ಬಿತ್ತು, ಶಿಳ್ಳೆ ಬಿತ್ತು. ಯಾರೋ ಕಾಲಿಗೆ ಬಿದ್ದರು. ಚಿಕ್ಕತಾಯಮ್ಮ ಪೇಟ ಹೊತ್ತು, ದಿಕ್ಕು ತಪ್ಪಿದವರಂತೆ ನಿಂತಿದ್ದರು.

ಮನೆಗೆ ಬಂದ ಮೇಲೆ ಕೆಂಪರಾಜು ಕೂಗಾಡಿದ. "ನೂರು ಜನದ ಮುಂದೆ ಮರ್ಯಾದೆ ತೆಗ್ದಲ್ಲವ್ವ! ಸದ್ಯ, ಅವ್ರು ಸಂಭಾಳಿಸಿದ್ರು." ಚಿಕ್ಕತಾಯಮ್ಮ ಶಾಲು ಮಡಿಚಿಟ್ಟು ಹೊರಗೆ ಬಂದರು. ಮೆಟ್ಟಿಲ ಮೇಲೆ ನನ್ನನ್ನು ತಡೆದು, "ಕದ್ದೆ ಅಂದ್ರೂ ಚಪ್ಪಾಳೆ ಹೊಡೀತಾರಲ್ಲೇ! ನಾನಿನ್ನ ಯಾರಿಗೆ ಹೇಳ್ಲಿ?" ಎಂದರು. ಅವರ ಮಾತಿಗೆ ಉತ್ತರವಾಗಿ ಮುನಿಯಮ್ಮನಿಗೇ ಫೋನು ಹಚ್ಚಿಕೊಟ್ಟೆ. ನಡೆದದ್ದನ್ನೆಲ್ಲ ಕೇಳಿ ಆ ಕಡೆಯಿಂದ ಮುನಿಯಮ್ಮ ನಕ್ಕರು. ನನಗೂ ಕೇಳಿಸುವಷ್ಟು ಜೋರಾಗಿ.

"ಬಾಯಲ್ಲಿ ಹೇಳಿದ್ರೆ ಹಂಗೇ ಆಗೋದು. ಸುಧನ ಮದ್ವೆ ಗೊತ್ತಾಗೈತೆ. ಬಾ. ನಾನು ಎತ್ತಿ ಹಾಡ್ತೀನಿ, ನೀನು ನನ್ನ ಹಿಂದೆ ಹೇಳು. ನೋಡೋರು ನೋಡ್ಲಿ."

ಮದುವೆ ಲಗ್ಗೆರೆಯ ಒಂದು ಚಿಕ್ಕ ಛತ್ರದಲ್ಲಿ. ಚಿಕ್ಕತಾಯಮ್ಮ ಹಬ್ಬಕ್ಕೂ ಉಡದ ಹಳೆಯ ನೂಲಿನ ಸೀರೆ ಉಟ್ಟು ಬಂದರು. ಕೆಂಪರಾಜುವಿಗೆ ಹೇಳಿಯೇ ಬಂದಿದ್ದರು. ಅವನು ಬರಲಿಲ್ಲ, ತಡೆಯಲೂ ಇಲ್ಲ. ಹೆಣ್ಣು ಕಳಿಸುವ ಹೊತ್ತಿಗೆ ಮುನಿಯಮ್ಮ ಚಾಪೆಯ ಮೇಲೆ ಕೂತು, ಪಕ್ಕದ ಜಾಗವನ್ನು ಕೈಯಿಂದ ತಟ್ಟಿದರು. ಚಿಕ್ಕತಾಯಮ್ಮ ಹೋಗಿ ಕೂತರು. ಮುನಿಯಮ್ಮ ಎತ್ತಿದರು. ಬಹಳ ದಿನ ಹಾಡದ ಗಂಟಲು, ಮೊದಲ ಸೊಲ್ಲು ಕೆಮ್ಮಿನಲ್ಲೇ ಹೋಯಿತು. ಎರಡನೆಯದಕ್ಕೆ ದಾರಿ ಹಿಡಿಯಿತು. ಚಿಕ್ಕತಾಯಮ್ಮ ಅದೇ ಸೊಲ್ಲನ್ನು ಹಿಂದಿನಿಂದ ಹೇಳಿದರು. ಅವರು ದನಿಯನ್ನು ನಿಲ್ಲಿಸಿ, ಬಾಗಿಸಿ, ಎತ್ತುತ್ತಿದ್ದುದೆಲ್ಲ ಎಲ್ಲಿಂದ ಬಂದದ್ದೆಂದು ನನಗೆ ಆಗ ತಿಳಿಯಿತು.

ಅಷ್ಟರಲ್ಲಿ ಯಾರೋ ಹುಡುಗ, "ಲೇ ಮಗಾ, ಟೀವಿ ಅಜ್ಜಿ ಕಣೋ!" ಎಂದ. ವಿಡಿಯೋದವನು ಲೈಟನ್ನು ಚಿಕ್ಕತಾಯಮ್ಮನ ಕಡೆ ತಿರುಗಿಸಿದ. ಮೊಬೈಲುಗಳೆಲ್ಲ ಅವರ ಮುಖದ ಕಡೆಗೇ ತಿರುಗಿದವು. ಎತ್ತಿ ಹಾಡುತ್ತಿದ್ದ ಮುನಿಯಮ್ಮ ಕತ್ತಲಲ್ಲಿ ಉಳಿದರು.

ಚಿಕ್ಕತಾಯಮ್ಮ ಹಾಡು ನಿಲ್ಲಿಸಲಿಲ್ಲ. ಸೆರಗನ್ನು ತಲೆಯ ಮೇಲಿಂದ ಎಳೆದು ಮುಖ ಪೂರ್ತಿ ಮುಚ್ಚಿಕೊಂಡರು. ವಿಡಿಯೋದವನು "ಅಜ್ಜಿ, ಸೆರಗು ತೆಗೀರಿ" ಎಂದ. ತೆಗೆಯಲಿಲ್ಲ. ಬಟ್ಟೆಯೊಳಗಿನಿಂದ ದನಿ ಮಾತ್ರ ಬರುತ್ತಿತ್ತು, ಮುನಿಯಮ್ಮ ಬಿಟ್ಟ ಸೊಲ್ಲನ್ನು ಹಿಡಿದುಕೊಂಡು. ಮುಚ್ಚಿದ ಮುಖದ ವಿಡಿಯೋವನ್ನು ಎಷ್ಟು ಹೊತ್ತು ತೆಗೆದಾನು? ಕೊನೆಗೆ ಅವನು ಲೈಟನ್ನು ಮುನಿಯಮ್ಮನ ಕಡೆ ತಿರುಗಿಸಿದ. ಹಾಡು ಮುಗಿಯುವವರೆಗೂ ಅದು ಅಲ್ಲೇ ಇತ್ತು. ಮದುಮಗಳು ಬಾಗಿಲ ಹತ್ತಿರ ಹೋದವಳು ಓಡಿ ಬಂದು ಅಜ್ಜಿಯನ್ನು ತಬ್ಬಿ ಅತ್ತಳು.

ವಾಪಸ್ಸು ಬರುವಾಗ, "ಈಗ ಸಮಾಧಾನ ಆಯ್ತಾ ಅಮ್ಮ?" ಎಂದು ಕೇಳಿದೆ.

"ಸ್ವಲ್ಪ. ನಾಚ್ಕೆ ಹೋಗಿಲ್ಲ ಕಣವ್ವ. ಇರ್ಲಿ ಬಿಡು, ಹೋದ್ರೆ ಮತ್ತೆ ಹಂಗೇ ಆಡ್ತೀನೋ ಏನೋ."

ಅದಾದ ಮೇಲೆ ನಾವು ಕೆಂಗೇರಿಯಲ್ಲಿ ಸ್ವಂತ ಫ್ಲ್ಯಾಟು ಕೊಂಡು ಮನೆ ಬದಲಾಯಿಸಿದೆವು. ಹೊರಡುವ ದಿನ ನನಗೆ ಒಂದು ಚೀಲ ತೊಗರಿಕಾಯಿ ಕೊಟ್ಟು, "ಹೋಗ್ಬಾ ಮೇಲ್ಗಡೆಯೋಳೆ" ಎಂದರು. ಅದೇ ಕೊನೆ. ಮಳೆಗಾಲದಲ್ಲಿ ಜ್ವರ ಬಂದು, ಎದೆಗಿಳಿದು, ಆಸ್ಪತ್ರೆಗೆ ಸೇರಿಸಿದ ಎರಡನೇ ದಿನಕ್ಕೆ ಹೋಗಿಬಿಟ್ಟರು. ನನಗೆ ಸುದ್ದಿ ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು.

ತಿಥಿಗೆ ಹೋದೆ. ಬೀದಿಗೆ ಶಾಮಿಯಾನ ಹಾಕಿದ್ದರು. ಬಾಗಿಲ ಪಕ್ಕ ಟೀವಿಯ ಚಿತ್ರದಿಂದ ತೆಗೆದ ದೊಡ್ಡ ಫ್ಲೆಕ್ಸು: ಹಸಿರು ರೇಷ್ಮೆ ಸೀರೆ, ಮೊರ, ಒನಕೆ. ಶಾಮಿಯಾನದ ಕೊನೆಯ ಕುರ್ಚಿಯಲ್ಲಿ ಮುನಿಯಮ್ಮ ಒಬ್ಬರೇ ಕೂತಿದ್ದರು. ಕೈ ಮುಗಿದು, ಬರುತ್ತೇನೆ ಎಂದು ಸನ್ನೆ ಮಾಡಿ ಒಳಗೆ ಹೋದೆ.

ಕೆಂಪರಾಜು ತಲೆ ಬೋಳಿಸಿಕೊಂಡು ಸೊರಗಿ ಹೋಗಿದ್ದ. "ಅಮ್ಮ ಹಾಡೋದು ಬೇರೆ ವಿಡಿಯೋ ಏನಾದ್ರೂ ಐತಾ ಮೇಡಂ? ಟೀವೀದು ನೋಡಿ ನೋಡಿ ಸಾಕಾಯ್ತು" ಎಂದ. ಸುಧಾ ಕಳಿಸಿದ್ದ ಮದುವೆಯ ವಿಡಿಯೋ ನನ್ನ ಫೋನಿನಲ್ಲಿತ್ತು. ಹಾಕಿ ಕೊಟ್ಟೆ. ಅವನು ಅದನ್ನು ಮುಖಕ್ಕೆ ಹತ್ತಿರ ಹಿಡಿದು ನೋಡಿದ.

"ಅಮ್ಮನ ದನಿ ಬರ್ತೈತೆ. ಅಮ್ಮ ಎಲ್ಲಿ?"

"ಅಲ್ಲೇ. ಮುನಿಯಮ್ಮನ ಪಕ್ಕ, ಸೆರಗು ಮುಚ್ಕೊಂಡಿರೋರು."

ಅವನು ಇನ್ನೊಮ್ಮೆ ಮೊದಲಿಂದ ಹಾಕಿಕೊಂಡು ಕೊನೆಯವರೆಗೂ ನೋಡಿದ. ಮುಖ ಒರೆಸಿಕೊಂಡ. ಫೋನು ನನ್ನ ಕೈಗೆ ಕೊಡುತ್ತ, ತಲೆ ಎತ್ತದೆ ಕೇಳಿದ. "ಅವ್ರು ಬಂದವ್ರಾ ಮೇಡಂ?"

"ಹೊರಗೆ ಕೂತಿದಾರೆ."

"ಒಳಗೆ ಕರೀರಿ. ಮೊದ್ಲನೇ ಪಂಕ್ತೀಲಿ ಕೂರ್ಸಿ. ನಾನು ಕರೆದ್ರೆ ಬರ್ತಾರೋ ಇಲ್ವೋ. ಇಲ್ಲ, ನಡೀರಿ, ನಾನೂ ಬರ್ತೀನಿ."

ಇಬ್ಬರೂ ಹೊರಗೆ ಬಂದೆವು. ಕೊನೆಯ ಕುರ್ಚಿ ಖಾಲಿಯಿತ್ತು. ಫ್ಲೆಕ್ಸಿಗೆ ಕೈ ಮುಗಿದು, ಊಟಕ್ಕೆ ನಿಲ್ಲದೆ ಈಗಷ್ಟೇ ಹೊರಟರು ಎಂದು ಬಾಗ್ಲೋರು ಹೇಳಿದರು. ಕೆಂಪರಾಜು ಬರಿಗಾಲಲ್ಲೇ ಬಸ್‌ಸ್ಟಾಪಿನ ಕಡೆ ಓಡಿದ. ನಾನು ಗೇಟಿನ ಹತ್ತಿರ ಕಾದೆ. ಸ್ವಲ್ಪ ಹೊತ್ತಿಗೆ ಅವನು ಒಬ್ಬನೇ ವಾಪಸ್ಸು ಬಂದು, ಬಸ್ಸು ಹೋಗಿಬಿಟ್ಟಿದೆ ಎಂದು ನನ್ನ ಮುಖ ನೋಡಲಾರದೆ ಹೇಳಿ, ಪಂಕ್ತಿಗೆ ಎಲೆ ಹಾಕುವವರ ಜೊತೆ ಸೇರಿಕೊಂಡ.